ಆಟದ ಬೆಟ್ಟಕ್ಕೆ ತೆಗೆದ ಅಚ್ಚು

ಮೇಳಿಗೆ
9 ಮೇ 2025

ಸುಘೋಷ,

ನಿನಗೆ ಕಾಗದ ಬರೆದು ಹದಿನೈದು ವರ್ಷದ ಮೇಲಾಯಿತು. ಹೊಸನಗರದ ಹಾಸ್ಟೆಲ್ಲು ಬಿಟ್ಟ ಹೊಸದರಲ್ಲಿ ಬರೆಯುತ್ತಿದ್ದೆವು, ಆಮೇಲೆ ಫೋನು ಬಂತು, ಅಕ್ಷರ ಕೆಟ್ಟಿತು. ಈಗ ನನ್ನ ಫೋನು ಪೊಲೀಸರ ಹತ್ತಿರ ಇದೆ. ಹೊಸದು ತೆಗೆದುಕೊಳ್ಳುವ ಮನಸ್ಸಿಲ್ಲ. ಇದ್ದರೆ ಯಾರಾದರೂ ಮಾಡುತ್ತಾರೆ, ಮಾಡಿದವರು ಅದನ್ನೇ ಕೇಳುತ್ತಾರೆ. ಚೈತ್ರಾ ನನ್ನನ್ನೂ ಮಗಳನ್ನೂ ಕರೆದುಕೊಂಡು ತವರುಮನೆಗೆ ಬಂದಿದ್ದಾಳೆ.

ಪೇಪರಿನಲ್ಲಿ ಓದಿರುತ್ತೀಯ. ಏಪ್ರಿಲ್ ಇಪ್ಪತ್ಮೂರರ ಬೆಳಿಗ್ಗೆ ಒಂಬತ್ತೂಕಾಲಿಗೆ ನಮ್ಮ ಕ್ವಾರಿಯ ಪೂರ್ವದ ಗೋಡೆಯಿಂದ ಎರಡು ಎಮ್ಮೆಯಷ್ಟು ದೊಡ್ಡ ಬಂಡೆ ಕಳಚಿ ಬಿತ್ತು. ಹೂವಯ್ಯ ಅದರ ಕೆಳಗಿದ್ದ. ಬಹಳ ವರ್ಷ ಬಿಟ್ಟಿದ್ದ ಆ ಗೋಡೆಗೆ ಏಪ್ರಿಲ್ ತಿಂಗಳಲ್ಲಷ್ಟೇ ಮತ್ತೆ ಕೈ ಹಾಕಿದ್ದೆವು. ಹಿಂದಿನ ಸಂಜೆ ಈ ವರ್ಷದ ಮೊದಲ ಜೋರು ಮಳೆ ಬಿದ್ದಿತ್ತು. ಮೇಸ್ತ್ರಿ ಅಂದಮೇಲೆ ಕೆಲಸ ಶುರುವಾಗುವ ಮುಂಚೆ ಗೋಡೆಯನ್ನು ಪೂರ್ತಿ ನೋಡಿ, ಬಿರುಕಿಲ್ಲ, ನೀರು ಒಸರುತ್ತಿಲ್ಲ ಅಂತ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಕೈಗೆ ಎಟುಕುವಷ್ಟು ಹಾರೆಯಿಂದ ಬಡಿದು ಸದ್ದು ಕೇಳುತ್ತೇನೆ, ಅದಕ್ಕಿಂತ ಮೇಲೆ ಕಣ್ಣೇ ಗತಿ. ಅವತ್ತೂ ನೋಡಿದೆ. ಬಿರುಕಿಲ್ಲ ಅಂತ ಬರೆದೆ. ಬರೆದು, ಹೂವಯ್ಯನಿಗೆ "ಶುರು ಹಚ್ಕ ಮಾರಾಯ" ಅಂದೆ.

ಈಗ ಎಲ್ಲರೂ ಹೇಳುವುದು ಒಂದೇ ಮಾತು, ಮೇಸ್ತ್ರಿ ನೋಡಲಿಲ್ಲ ಅಂತ. ಕ್ವಾರಿಯ ಸಾಹುಕಾರರೂ ಅದನ್ನೇ ಹೇಳಿಕೆ ಕೊಟ್ಟಿದ್ದಾರೆ. ನಾನು ನೋಡಿದೆ ಸುಘೋಷ. ನೋಡಿದೆ, ಕಾಣಲಿಲ್ಲ.

ಮಾರ್ಚಿನಲ್ಲಿ ಒಂದು ಭಾನುವಾರ ನೀನು ನಿನ್ನ ಆಟದ ಬೆಟ್ಟಕ್ಕೆ ಅಚ್ಚು ತೆಗೆಯಲು ಅಲ್ಲಿಗೆ ಬಂದಿದ್ದೆಯಲ್ಲ, ಅದನ್ನು ಯಾರಿಗೂ ಹೇಳಿಲ್ಲ. ಹೊರಗಿನವರನ್ನು ಒಳಗೆ ಬಿಟ್ಟೆ ಅಂತ ಅದೊಂದು ಸೇರುವುದು ಬೇಡ, ನಿನ್ನನ್ನು ಎಳೆಯುವುದೂ ಬೇಡ. ನೀನು ಇಲ್ಲಿಗೆ ಬರಲು ಹೊರಡಬೇಡ. ಯಾರ ಮುಖವನ್ನೂ ನೋಡುವ ಸ್ಥಿತಿಯಲ್ಲಿ ನಾನಿಲ್ಲ. ಕಾಗದ ಬರೆ, ಸಾಕು.

ತೀರ್ಥೇಶ್


ಸಾಗರ
15 ಮೇ 2025

ತೀರ್ಥೇಶ,

ಲಕೋಟೆಯ ಮೇಲೆ ನಿನ್ನ ಕೋಳಿಕಾಲು ಅಕ್ಷರ ಕಂಡು ಮೊದಲು ನಗು ಬಂತು. ವಾರ್ಡನ್ನಿಗೆ ಸುಳ್ಳು ಜ್ವರದ ರಜಾಚೀಟಿ ಬರೆಯುತ್ತಿದ್ದ ಅದೇ ಕೈ. ಒಳಗಿನದನ್ನು ಓದಿದ ಮೇಲೆ ಅಂಗಡಿಯ ಬಾಗಿಲು ಹಾಕಿ ಕೂತೆ.

ನಿನ್ನ ತಪ್ಪು ಏನೂ ಇಲ್ಲ. ಇದನ್ನು ನೂರು ಸಲ ಬರೆಯಬೇಕೆಂದರೂ ಬರೆಯುತ್ತೇನೆ. ಕಣ್ಣು ಎಲ್ಲರಿಗೂ ಮೋಸ ಮಾಡುತ್ತದೆ. ನನ್ನ ಹೊಟ್ಟೆಪಾಡೇ ಆ ಮೋಸದ ಮೇಲೆ ನಿಂತಿದೆ.

ನಿನ್ನ ಮಾವ, ಈ ಸುಘೋಷ ಅನ್ನುವವನು ಎಂತ ಕೆಲಸ ಮಾಡುತ್ತಾನೆ ಅಂತ ಕೇಳಿದರೆ ಹೀಗೆ ಹೇಳು. ಪುಣೆ, ಬೆಂಗಳೂರಿನಲ್ಲಿ ದೊಡ್ಡ ದೊಡ್ಡವರು ದೊಡ್ಡ ಮೇಜಿನ ಸುತ್ತ ನಿಂತು ಯುದ್ಧದಾಟ ಆಡುತ್ತಾರೆ. ಒಂದಂಗುಲದ ಸೈನಿಕರು, ದಾಳ, ಅಳತೆಪಟ್ಟಿ, ಭಗವದ್ಗೀತೆಯಷ್ಟು ದಪ್ಪ ನಿಯಮದ ಪುಸ್ತಕ. ಆ ಸೈನಿಕರು ಅಡಗಲು, ಹತ್ತಲು, ಸಾಯಲು ಒಂದು ಬೆಟ್ಟ ಬೇಕಲ್ಲ, ಆ ಬೆಟ್ಟ ಮಾಡುವವನು ನಾನು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುತ್ತಾರೆ. ನನ್ನ ಗಿರಾಕಿಗಳು ಬೆಟ್ಟಕ್ಕೆ ಮೂಗು ತಾಗಿಸಿ ನೋಡುವ ಜನ. ಪದರಗಳೆಲ್ಲ ಒಂದೇ ದಿಕ್ಕಿಗೆ ಓಡಬೇಕು. ನೀರಿಳಿದ ಕಲೆ ಮೇಲಿನಿಂದ ಕೆಳಗೇ ಇರಬೇಕು. ಮುದುಡಿದ ಅಲ್ಯುಮಿನಿಯಂ ಹಾಳೆಯಲ್ಲಿ ಪ್ಲಾಸ್ಟರ್ ಎರೆದು ಮಾಡಿದ ಕಲ್ಲನ್ನು ಅವರು ನೋಡಿದ ಕೂಡಲೇ ಹಿಡಿಯುತ್ತಾರೆ. ಅದಕ್ಕೇ ನಿಜವಾದ ಬಂಡೆಯ ಅಚ್ಚು ಬೇಕೆಂದು ನಿನ್ನ ಕ್ವಾರಿಗೆ ಬಂದದ್ದು.

ಪ್ಲಾಸ್ಟರ್ ಬೆಳ್ಳಗೆ ಹೊರಬಂದಾಗ ಹಿಟ್ಟಿನ ಮುದ್ದೆ ಇದ್ದ ಹಾಗಿರುತ್ತದೆ. ನೀರು ನೀರಾದ ಕಾವಿ, ಬೂದಿ, ಕಂದು, ಮೂರನ್ನೂ ಅಲ್ಲಲ್ಲಿ ತೊಟ್ಟಿಕ್ಕಿಸಬೇಕು, ಕ್ರಮವಿಲ್ಲದೆ. ಅದರ ಮೇಲೆ ತೆಳು ಕಪ್ಪು ಹರಿಸಿದರೆ ಹೋಗಿ ಗುಳಿಗಳಲ್ಲಿ ನಿಲ್ಲುತ್ತದೆ. ಒಣಗಿದ ಮೇಲೆ ಬಣ್ಣ ಇದೆಯೋ ಇಲ್ಲವೋ ಅನ್ನುವ ಕುಂಚವನ್ನು ಉಬ್ಬಿದ ಏಣುಗಳಿಗೆ ಸವರಬೇಕು. ಅಷ್ಟು ಹೊತ್ತಿಗೆ ಕಲ್ಲು ಕಲ್ಲಾಗುತ್ತದೆ. ಪುಣೆಯವರು ಬಹಳ ಮೆಚ್ಚಿದರು.

ಏನೇನೋ ಬರೆದೆ. ಊಟ ಬಿಡಬೇಡ. ಚೈತ್ರಾಳ ಮಾತು ಕೇಳು.

ನಿನ್ನ
ಸುಘೋಷ


ಸಾಗರ
15 ಮೇ 2025, ಸಂಜೆ
(ಅಂಚೆಗೆ ಹಾಕಲಿಲ್ಲ)

ತೀರ್ಥೇಶ,

ಬೆಳಿಗ್ಗೆ ಬರೆದದ್ದನ್ನು ಡಬ್ಬಿಗೆ ಹಾಕಿ ಬಂದೆ. ಬರೆಯಬೇಕಿದ್ದದ್ದು ಇದು.

ಆ ಭಾನುವಾರ ನೀನು ನನ್ನನ್ನು ಏಣಿಯ ಹತ್ತಿರ ಬಿಟ್ಟು ಕಚೇರಿ ಕೋಣೆಯಲ್ಲಿ ಮಲಗಲು ಹೋದೆ. ಕೆಳಗಿನ ಬಂಡೆಯಲ್ಲೆಲ್ಲ ಡ್ರಿಲ್ಲಿನ ಗೆರೆ, ನನಗೆ ಬೇಡ. ಹನ್ನೆರಡು ಅಡಿ ಮೇಲೆ ಯಂತ್ರ ತಾಗದ ಹಳೆಯ ಕಲ್ಲಿತ್ತು. ಹತ್ತಿದೆ. ಅಷ್ಟು ಚಂದದ ಮೈಯನ್ನು ನಾನು ಎಲ್ಲಿಯೂ ನೋಡಿರಲಿಲ್ಲ. ಅದರ ನಡುವೆ ತೋಳುದ್ದದ ಒಂದು ಬಿರುಕು ಓರೆಯಾಗಿ ಹೋಗಿತ್ತು. ಎರಡು ಬೆರಳು ಹಿಡಿಸುತ್ತಿತ್ತು. ನಾನು ಹಾಕಿಯೂ ನೋಡಿದೆ.

ಅಚ್ಚಿಗೆಂದು ಬಂಡೆಗೆ ರಬ್ಬರ್ ಹಾಲು ಬಳಿಯುವ ಮುಂಚೆ ಇಂಥ ಆಳದ ಸೀಳುಗಳನ್ನು ತುಂಬಲೇಬೇಕು. ಇಲ್ಲದಿದ್ದರೆ ಹಾಲು ಒಳಗಿಳಿದು ಒಣಗಿ ಕಚ್ಚಿಕೊಳ್ಳುತ್ತದೆ, ಎಳೆದಾಗ ಅಚ್ಚು ಹರಿಯುತ್ತದೆ. ಎಲ್ಲರೂ ತುಂಬುತ್ತಾರೆ. ಎಣ್ಣೆ ಬೆರೆಸಿದ ಜೇಡಿಮಣ್ಣು, ನೀರಿಗೆ ಕರಗುವುದಿಲ್ಲ. ಉಳಿದವರು ಅಲ್ಲಿಗೆ ನಿಲ್ಲಿಸುತ್ತಿದ್ದರೇನೋ. ನುಣ್ಣಗಿನ ಜೇಡಿ ಅಚ್ಚಿನಲ್ಲಿ ಮಚ್ಚೆಯಾಗಿ ಕಾಣುತ್ತದೆಂದು ನಾನು ಒಂದು ಕಲ್ಲುಚೂರನ್ನು ಅದಕ್ಕೆ ಒತ್ತಿ ಒತ್ತಿ ಬಂಡೆಯ ಒರಟು ಬರಿಸಿದೆ. ನಿಮ್ಮ ಕ್ವಾರಿಯದೇ ಕಲ್ಲುಪುಡಿ ಉದುರಿಸಿದೆ. ಪಕ್ಕದ ಪದರದ ಗೆರೆಯನ್ನು ಅದರ ಮೇಲೂ ಎಳೆದೆ. ಏಣಿಯಿಂದ ಇಳಿದು ನೋಡಿದರೆ ಎಲ್ಲಿ ತುಂಬಿದೆನೆಂದು ನನಗೇ ಗೊತ್ತಾಗಲಿಲ್ಲ. ತೀರ್ಥೇಶ, ನಾನು ಕೆಳಗೆ ನಿಂತು ಖುಷಿಪಟ್ಟೆ.

ಅಚ್ಚು ಬಿಡಿಸುವಷ್ಟರಲ್ಲಿ ನಾಲ್ಕು ದಾಟಿತ್ತು. ಸಾಗರದ ಬಸ್ಸಿಗೆ ಓಡಬೇಕಿತ್ತು. ಜೇಡಿಯನ್ನು ತೆಗೆಯಬೇಕು ಅನ್ನಿಸಿತು, ಇನ್ನೊಮ್ಮೆ ಬಂದಾಗ ತೆಗೆದರಾಯಿತು ಅಂದುಕೊಂಡೆ. ನಿನ್ನನ್ನು ಎಬ್ಬಿಸಿ ಹೋಗಿ ಬರುತ್ತೇನೆ ಅಂದೆ. ಬಿರುಕಿನ ಮಾತು ಆಡಲಿಲ್ಲ. ನನಗೆ ಅದು ಬಿರುಕೆಂದೇ ಹೊಳೆಯಲಿಲ್ಲ. ಅಚ್ಚು ಕೆಡಿಸುವ ಒಂದು ತೊಂದರೆ, ಅಷ್ಟೇ.

ಬೆಳಗ್ಗಿನ ಕಾಗದದಲ್ಲಿ ಕಣ್ಣಿನ ಮೋಸದ ಬಗ್ಗೆ ಉಪದೇಶ ಬರೆದಿದ್ದೇನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನು ನಾನು. ನೀನು ನೋಡಿದ್ದು ಬಂಡೆಯನ್ನಲ್ಲ. ನನ್ನ ಕೆಲಸವನ್ನು.

ಇದನ್ನು ಹೇಗೆ ಕಳಿಸಲಿ?

ಸುಘೋಷ


ಮೇಳಿಗೆ
22 ಜೂನ್ 2025

ಸುಘೋಷ,

ನಿನ್ನ ಕಾಗದವನ್ನು ಮಾವನಿಗೆ ಓದಿ ಹೇಳಿದೆ. "ಹಂಗಾರೆ ಬೆಟ್ಟ ಮಾರ್ತಾನೆ ಅನ್ನು" ಅಂದರು. ಮನೆಯಲ್ಲಿ ಎರಡು ತಿಂಗಳ ಮೇಲೆ ಮೊದಲ ಸಲ ಎಲ್ಲರೂ ನಕ್ಕಂತಾಯಿತು.

ಮೊನ್ನೆ ಚೈತ್ರಾ ಒತ್ತಾಯ ಮಾಡಿ ತೀರ್ಥಹಳ್ಳಿಗೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಏನಾದರೂ ದೋಷ ಸಿಗಲಿ ಅಂತ ಹರಕೆ ಹೊತ್ತ ಹಾಗೆ ಕೂತಿದ್ದೆ. ಕೊನೆಯ ಸಾಲಿನ ಅಕ್ಷರದವರೆಗೂ ಸರಿಯಾಗಿ ಓದಿದೆ. "ಹದ್ದಿನ ಕಣ್ಣು ನಿಮ್ಮದು" ಅಂದರು ಡಾಕ್ಟರು. ಬಸ್ಸಿನಲ್ಲಿ ಬರುವಾಗ ಚೈತ್ರಾಳ ಎದುರೇ ಅತ್ತುಬಿಟ್ಟೆ.

ಕಣ್ಣು ಸರಿ ಇದ್ದೂ ಕಾಣಲಿಲ್ಲ ಅಂದರೆ ಕೆಟ್ಟಿರುವುದು ಯಾವುದು? ನಾನು ಈಗ ಬೈಕ್ ಮುಟ್ಟುವುದಿಲ್ಲ. ಮಗಳ ಕೈ ಹಿಡಿದು ರಸ್ತೆ ದಾಟಿಸುವುದಿಲ್ಲ. ಎರಡೂ ಕಡೆ ನೋಡುತ್ತೇನೆ, ಗಾಡಿ ಇಲ್ಲ ಅನ್ನಿಸುತ್ತದೆ, ಇಲ್ಲ ಅಂತ ನನಗೆ ಅನ್ನಿಸಿದರೆ ಸಾಕೇ? ನಿಂತುಬಿಡುತ್ತೇನೆ. ಅವಳೇ "ಬಾ ಅಪ್ಪಾ, ಎಂತದೂ ಇಲ್ಲ" ಅಂತ ಎಳೆಯುತ್ತಾಳೆ. ಆರು ವರ್ಷದವಳು. ಬಾವಿಗೆ ಇಣುಕಲು ಹೆದರಿಕೆ. ಆ ಹೆದರಿಕೆ ಬೇರೆ ಥರದ್ದು, ಅದನ್ನು ಬರೆಯುವುದಿಲ್ಲ.

ಒಂದು ಮಾತು ಕೇಳುತ್ತೇನೆ. ಅದಕ್ಕೇ ಈ ಕಾಗದ. ನೀನು ಅಚ್ಚು ತೆಗೆದದ್ದು ಅದೇ ಪೂರ್ವದ ಗೋಡೆ. ಅರ್ಧ ದಿನ ಏಣಿಯ ಮೇಲೆ ಅದಕ್ಕೆ ಮುಖ ಕೊಟ್ಟು ನಿಂತಿದ್ದೆ. ಕಲ್ಲು ನೋಡುವುದರಲ್ಲಿ ನಿನ್ನಷ್ಟು ಪಳಗಿದವರನ್ನು ನಾನು ಕಂಡಿಲ್ಲ. ಅಲ್ಲಿ ಬಿರುಕು ಇತ್ತೇ? ಇರಲಿಲ್ಲ ಅಂದರೆ ಅದು ಆಮೇಲೆ ಹುಟ್ಟಿದ್ದು, ಒಂದು ಮಳೆಗೆ ಬಾಯಿಬಿಟ್ಟದ್ದು, ನಾನು ಮತ್ತೆ ಮನುಷ್ಯನಾಗುತ್ತೇನೆ. ಇತ್ತು ಅಂದರೆ ಅದನ್ನೂ ಹೇಳು. ನನ್ನ ಮುಖ ನೋಡಿ ಹೇಳಬೇಡ. ಇದ್ದದ್ದು ಇದ್ದ ಹಾಗೆ ಹೇಳು.

ತೀರ್ಥೇಶ್


ಸಾಗರ
1 ಜುಲೈ 2025

ತೀರ್ಥೇಶ,

ಇರಲಿಲ್ಲ.

ನಾನು ಆ ಜಾಗವನ್ನು ಕೈಯಲ್ಲಿ ಸವರಿ ನೋಡಿದ್ದೇನೆ. ಬಿರುಕು ಇರಲಿಲ್ಲ. ಮಗಳನ್ನು ರಸ್ತೆ ದಾಟಿಸು. ಬಾವಿಯ ಕಡೆ ಹೋಗಬೇಡ.

ಸುಘೋಷ


ಮೇಳಿಗೆ
24 ಜುಲೈ 2025

ಸುಘೋಷ,

ನಿನ್ನ ಎರಡು ಸಾಲಿನ ಕಾಗದ ಬಂದ ದಿನ ಹೊಟ್ಟೆ ತುಂಬ ಉಂಡೆ. ಹನ್ನೆರಡು ದಿನ ನಿದ್ದೆ ಬಂತು. ಅದನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೆ. ಒಂದು ದಿನ ತೀರ್ಥಹಳ್ಳಿಯವರೆಗೆ ಬೈಕ್ ಓಡಿಸಿಕೊಂಡು ಹೋಗಿ ಬಂದೆ.

ಕಳೆದ ವಾರ ಗಣಿ ಇಲಾಖೆಯ ವರದಿ ಬಂತು. ಬಿದ್ದ ಬಂಡೆಯ ಒಳಮೈಯ ಫೋಟೋ ತೋರಿಸಿದರು. ಕಂದು ಕಲೆ, ಪಾಚಿಯ ಗೆರೆ, ಕೂದಲಿನಂಥ ಬೇರು. ಎಷ್ಟೋ ವರ್ಷದ ಬಿರುಕಂತೆ. ಹೊರಮೈಗೂ ಬಾಯಿ ತೆರೆದಿರಲೇಬೇಕಂತೆ. ಅಧಿಕಾರಿ ಒಳ್ಳೆಯ ಮನುಷ್ಯ, ಮೆಲ್ಲಗೇ ಹೇಳಿದರು. "ನೋಡಿದ್ರೆ ಕಾಣ್ದೆ ಇರಕ್ಕೆ ಸಾಧ್ಯವೇ ಇಲ್ಲ ಮೇಸ್ತ್ರಿ" ಅಂದರು.

ಅಂದರೆ ನೀನು ನನ್ನ ಮೇಲಿನ ಪ್ರೀತಿಗೆ ಹಾಗೆ ಬರೆದೆ. ಇರಲಿ, ಬೇಸರವಿಲ್ಲ. ನಾನೂ ನಿನಗೆ ಹಾಗೇ ಬರೆಯುತ್ತಿದ್ದೆನೇನೋ. ಆದರೆ ಇನ್ನೊಂದು ಸಲ ಬೇಡ.

ನಾನು ಒಂದು ತೀರ್ಮಾನ ಮಾಡಿದ್ದೇನೆ. ಆಗಸ್ಟ್ ಹನ್ನೊಂದು, ಸೋಮವಾರ, ಸಾಗರದಲ್ಲಿ ವಿಚಾರಣೆ. ಅವತ್ತು ಬೆಳಿಗ್ಗೆ ನಾನು ಗೋಡೆ ನೋಡಲೇ ಇಲ್ಲ, ನೋಡದೆ ಸಹಿ ಹಾಕಿದೆ ಅಂತ ಬರೆದುಕೊಡುತ್ತೇನೆ. ವಕೀಲರು ಬೇಡ ಅನ್ನುತ್ತಾರೆ, ಜೈಲಾದೀತು ಅನ್ನುತ್ತಾರೆ. ಅವರಿಗೆ ಅರ್ಥವಾಗುವುದಿಲ್ಲ. ನೋಡದೆ ಇದ್ದವನು ಸೋಮಾರಿ, ಶಿಕ್ಷೆ ಮುಗಿಸಿ ಬಂದು ನಾಳೆಯಿಂದ ಸರಿಯಾಗಿ ನೋಡಬಹುದು. ನೋಡಿಯೂ ಕಾಣದವನು ಏನು ಮಾಡಬೇಕು? ಅವನು ಇರುವ ಮನೆಯಲ್ಲಿ ಮಗು ಇರಬಾರದು. ನಾನು ಸೋಮಾರಿಯಾಗಿ ಬದುಕಿಕೊಳ್ಳುತ್ತೇನೆ ಸುಘೋಷ. ಚೈತ್ರಾಳಿಗೆ ಹೇಳಿದೆ. "ನೀವು ನೋಡಿದ್ದು ನಂಗೆ ಗೊತ್ತು, ದಿನಾ ನೋಡ್ತಿದ್ರಿ" ಅಂತ ಒಂದೇ ಸಮನೆ ಅಳುತ್ತಾಳೆ.

ಅವತ್ತು ನೀನು ಸಾಗರದಲ್ಲೇ ಇದ್ದರೂ ಕಚೇರಿಯ ಹತ್ತಿರ ಬರಬೇಡ.

ತೀರ್ಥೇಶ್


ಸಾಗರ
2 ಆಗಸ್ಟ್ 2025
ಸ್ಪೀಡ್ ಪೋಸ್ಟ್

ತೀರ್ಥೇಶ,

ಇದರ ಜೊತೆ ಮೇ ಹದಿನೈದರಂದು ಬರೆದು ಕಳಿಸದೆ ಇಟ್ಟುಕೊಂಡ ಕಾಗದವಿದೆ. ಮೊದಲು ಅದನ್ನು ಓದು. ಚೈತ್ರಾಳನ್ನು ಹತ್ತಿರ ಕೂರಿಸಿಕೊಂಡು ಓದು. ಆಮೇಲೆ ಇದು.

ಓದಿದೆಯಾ? ಬಿರುಕು ಇತ್ತು. ನಾನು ನೋಡಿದೆ, ನಾನೇ ಮುಚ್ಚಿದೆ. ನಿನ್ನ ಕಣ್ಣಿಗೆ ಏನೂ ಆಗಿಲ್ಲ. ನೀನು ದಿನಾ ಬೆಳಿಗ್ಗೆ ಸರಿಯಾಗಿ ನೋಡಿದ್ದೀಯ.

ಯಾಕೆ ಹೇಳಲಿಲ್ಲ ಅಂತ ಕೇಳುತ್ತೀಯ. ಮೇ ತಿಂಗಳಲ್ಲಿ ಹೆದರಿದೆ. ಪೊಲೀಸರಿಗೆ ಹೆದರಿದೆನೆಂದರೆ ಮರ್ಯಾದೆಯ ಉತ್ತರವಾದೀತು. ಹೆದರಿದ್ದು ಅದಕ್ಕಲ್ಲ. ಈ ಸೀಮೆಯಲ್ಲಿ ನನ್ನ ಕೆಲಸವನ್ನು ಕೆಲಸವೆಂದು ಒಪ್ಪಿದವನು ನೀನೊಬ್ಬನೇ. ಉಳಿದವರಿಗೆ ನಾನು ಮಕ್ಕಳಾಟಿಕೆ ಮಾಡುವವನು. ಜೀವಮಾನದಲ್ಲಿ ಮಾಡಿದ ಅತಿ ಒಳ್ಳೆಯ ಕೆಲಸ ಯಾವುದೆಂದರೆ ಆ ಎರಡು ಬೆರಳಗಲದ ಜೇಡಿ. ಅದು ಒಬ್ಬನನ್ನು ಕೊಂದಿತು. ಇದನ್ನು ನಿನ್ನ ಎದುರು ಒಪ್ಪಿಕೊಳ್ಳಲು ಆಗಲಿಲ್ಲ.

ಜುಲೈಯಲ್ಲಿ ನೀನು ಬಾವಿಯ ಮಾತು ಬರೆದೆ. ಇರಲಿಲ್ಲ ಅಂದರೆ ಉಳಿಯುತ್ತೀಯ ಅನ್ನಿಸಿತು. ಅದು ಅರ್ಧ ನಿಜ. ಸುಳ್ಳು ಹೇಳಿದರೆ ನೀನೂ ಉಳಿಯುತ್ತೀಯ, ನಾನೂ ಉಳಿಯುತ್ತೇನೆ ಅನ್ನುವುದು ಪೂರ್ತಿ ನಿಜ.

ಆ ಅಚ್ಚಿನಿಂದ ಎರೆದ ಬೆಟ್ಟ ಪುಣೆಯ ಒಂದು ಮನೆಯಲ್ಲಿದೆ. ಮೊನ್ನೆ ಅವರು ಆಟದ ಫೋಟೋ ಕಳಿಸಿದ್ದರು. ಬಂಡೆಯ ಬುಡದಲ್ಲಿ ಒಂದಂಗುಲದವರು ಸಾಲಾಗಿ ನಿಂತಿದ್ದಾರೆ. ಯಾರೋ ಬೆರಳಿನಲ್ಲಿ ಅವರನ್ನು ಮುಂದಕ್ಕೆ ಸರಿಸುತ್ತಿದ್ದಾರೆ. ಫೋನನ್ನು ಬೋರಲು ಹಾಕಿದೆ.

ಹನ್ನೊಂದರಂದು ನಾನು ಕಚೇರಿಯಲ್ಲಿ ಇರುತ್ತೇನೆ. ಅಚ್ಚು, ಉಳಿದ ಜೇಡಿ, ಅವತ್ತಿನ ಬಸ್ ಟಿಕೆಟ್ಟು, ಎಲ್ಲ ತರುತ್ತೇನೆ. ನೀನು ಬರೆದುಕೊಡಬೇಡ. ದಯವಿಟ್ಟು ಆ ಸುಳ್ಳಿಗೆ ಸಹಿ ಹಾಕಬೇಡ. ಈ ಕಾಗದ ಸಿಕ್ಕಿತೋ ಇಲ್ಲವೋ ತಿಳಿಯುವ ದಾರಿ ನನಗಿಲ್ಲ. ಬೆಳಿಗ್ಗೆ ಎಂಟಕ್ಕೇ ಬಂದು ಬಾಗಿಲಲ್ಲಿ ನಿಂತಿರುತ್ತೇನೆ.

ಸುಘೋಷ


ಮೇಳಿಗೆ
16 ಆಗಸ್ಟ್ 2025

ಸುಘೋಷ,

ನಿನ್ನ ಲಕೋಟೆ ಆರನೇ ತಾರೀಕು ಬಂತು. ಎರಡನ್ನೂ ಓದಿದೆ. ಕೇಳು, ಮೊದಲು ಬಂದದ್ದು ಸಿಟ್ಟಲ್ಲ. ಸಂತೋಷ. ಎದ್ದು ಹೋಗಿ ಮಗಳ ಕೈ ಹಿಡಿದು ರಸ್ತೆ ದಾಟಿ ಅಂಗಡಿಗೆ ಹೋದೆ, ದಾಟಿ ವಾಪಸು ಬಂದೆ, ಮತ್ತೆ ಹೋದೆ. ಅಂಗಡಿಯವನು "ಎಂತ ಮೇಸ್ತ್ರೀ, ಎಂತಾರು ಮರ್ತ್ರಾ?" ಅಂದ. ಹೂವಯ್ಯ ಸತ್ತ ವಿಷಯದಲ್ಲಿ ಇಷ್ಟು ಸಂತೋಷಪಟ್ಟೆನಲ್ಲ ಅಂತ ಆಮೇಲೆ ನನಗೇ ಹೇಸಿಗೆಯಾಯಿತು.

ಸಿಟ್ಟು ಮಾರನೇ ದಿನ ಬಂತು. ಹೋಗಿಲ್ಲ.

ವಿಚಾರಣೆಯಲ್ಲಿ ನೀನು ಹೇಳಿದ್ದನ್ನೆಲ್ಲ ಕೇಳಿದೆ. ಜೇಡಿ ಬಾಯಿ ಮುಚ್ಚಿದ್ದರಿಂದ ನೀರು ಹೊರಗೆ ಬರಲಾರದೆ ಬಂಡೆಯನ್ನು ತಳ್ಳಿತೇ ಅಂತ ಅಧಿಕಾರಿ ಕೇಳಿದಾಗ, ನೀನು "ಗೊತ್ತಿಲ್ಲ, ಆಗಿರಬಹುದು" ಅಂದೆ. ಇಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಅದನ್ನು ಗಮನಿಸಿದೆ. ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದೆವು. ನೀನು ನನ್ನ ಕಡೆ ತಿರುಗಿದ್ದು ಗೊತ್ತಾಯಿತು. ನಾನು ತಿರುಗಲಿಲ್ಲ.

ಜೇಡಿ ಮರೆತದ್ದನ್ನು ಎಂದಾದರೂ ಕ್ಷಮಿಸಿಯೇನು. ಕೆಲಸದಲ್ಲಿ ಮರೆಯುತ್ತೇವೆ. ನಾನೂ ನಿಯಮ ಬಿಟ್ಟು ನಿನ್ನನ್ನು ಒಳಗೆ ಕರೆದೆ, ಕೆಲಸವೂ ಹೋಯಿತು, ಅದು ನ್ಯಾಯವೇ. ಆದರೆ ಇತ್ತೇ ಅಂತ ನಾನು ಕೇಳಿದೆ, ನೀನು ಇರಲಿಲ್ಲ ಅಂತ ಬರೆದೆ. ಕಣ್ಣಿದ್ದವನನ್ನು ನೂರು ದಿನ ಕುರುಡನಾಗಿ ಇಟ್ಟೆ. ಆ ಒಂದು ಪದವನ್ನು ಏನು ಮಾಡಿದರೂ ದಾಟಲು ನನಗೆ ಆಗುತ್ತಿಲ್ಲ.

ಹೂವಯ್ಯನ ತಾಯಿ ಜಲಜಮ್ಮ ವಿಚಾರಣೆಗೆ ಬಂದಿರಲಿಲ್ಲ. ಅವರಿಗೆ ಇದು ಪೇಪರಿನಿಂದಲೋ ಬೇರೆಯವರ ಬಾಯಿಂದಲೋ ತಿಳಿಯಬಾರದು. ಅವರ ಊರು ಕ್ವಾರಿಯಿಂದ ಎರಡು ಮೈಲಿ, ಅಲ್ಲಿಯ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಾರೆ. ನೀನೇ ಹೋಗಿ ಹೇಳು. ಹೇಳಿ ಬಂದು ಒಂದು ಕಾಗದ ಬರೆ.

ಅದೊಂದು ಸಾಕು. ಆಮೇಲೆ ಬೇಡ.

ತೀರ್ಥೇಶ್


ಸಾಗರ
1 ಸೆಪ್ಟೆಂಬರ್ 2025

ತೀರ್ಥೇಶ,

ಶನಿವಾರ ಹೋಗಿದ್ದೆ. ಅದಕ್ಕೆ ಮುಂಚೆ ಎರಡು ಸಲ ಹೊಸನಗರದವರೆಗೆ ಹೋಗಿ, ಬಸ್ ಇಳಿದು, ಟೀ ಕುಡಿದು ವಾಪಸು ಬಂದಿದ್ದೇನೆ. ಇದನ್ನು ಮುಚ್ಚಿಡುವುದಿಲ್ಲ.

ಮಕ್ಕಳೆಲ್ಲ ಮನೆಗೆ ಹೋಗಿದ್ದರು. ಜಲಜಮ್ಮ ದೊಡ್ಡ ಪಾತ್ರೆ ತೊಳೆದು ಬೋರಲು ಹಾಕುತ್ತಿದ್ದರು. ಹೂವಯ್ಯನ ವಿಷಯಕ್ಕೆ ಬಂದೆ ಅಂದೆ. "ಮತ್ತೊಂದು ಸಹಿ ಬೇಕಾ?" ಅಂದರು. ಅಲ್ಲ ಅಂದು, ಪೂರ್ತಿ ಹೇಳಿದೆ. ಏಣಿ, ಬಿರುಕು, ಜೇಡಿ, ಬಸ್ಸು, ನಿನಗೆ ಬರೆದ ಸುಳ್ಳು, ಎಲ್ಲ. ಮುಗಿದ ಮೇಲೆ ಕೇಳಿದರು.

"ಬಿರುಕು ನೀ ಕಣ್ಣಾರೆ ನೋಡಿದ್ಯಾ?"

"ಹೌದಮ್ಮ."

"ನೋಡಿ ಮುಚ್ಚಿದ್ಯಾ?"

"ಹೌದು."

"ಎಂತಕ್ಕೆ? ಚಂದ ಕಾಣ್ಲಿ ಅಂತಾ?"

ಹೌದು ಅಂದೆ.

ಅಚ್ಚನ್ನು ವಿಚಾರಣೆಯವರು ಇಟ್ಟುಕೊಂಡಿದ್ದಾರೆ. ಮೊದಲು ಎರೆದು ನೋಡಿದ ಒಂದು ಪ್ಲಾಸ್ಟರ್ ತುಂಡು ನನ್ನ ಹತ್ತಿರ ಉಳಿದಿತ್ತು, ಬಣ್ಣ ಹಚ್ಚದ್ದು. ಯಾಕೆ ಚೀಲದಲ್ಲಿ ಹಾಕಿಕೊಂಡು ಹೋದೆನೋ ಗೊತ್ತಿಲ್ಲ. ತೆಗೆದು ಜಗಲಿಯ ಮೇಲೆ ಇಟ್ಟೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತರು. "ಎಲ್ಲಿ?" ಅಂದರು. ತೋರಿಸಿದೆ. ಸವರಿ ನೋಡಿದರು.

"ಇಲ್ಲಿ ಎಂತದೂ ಇಲ್ವಲ್ಲಾ."

"ಅದೇ ಅಮ್ಮಾ, ನಾನು ಮಾಡಿದ್ದು."

"ನಂಗೆ ಅದು ಕಾಣ್ಬೇಕು. ತೆಗಿ" ಅಂದರು.

ಚೀಲದಲ್ಲಿ ಚಾಕು ಇತ್ತು. ಅಲ್ಲೇ ನೆಲದ ಮೇಲೆ ಕೂತು ಕೆತ್ತಿದೆ. ಮುಕ್ಕಾಲು ಗಂಟೆ ಹಿಡಿಯಿತು. ಅದರ ಒಂದೊಂದು ತಿರುವೂ ನನಗೆ ನೆನಪಿತ್ತು. ಎಲ್ಲಿ ಅಗಲ, ಎಲ್ಲಿ ಕಿರಿದು, ಎಲ್ಲಿ ಕೆಳತುಟಿ ಮುಂದಕ್ಕೆ ಬಂದಿತ್ತು. ಚಂದ ಮಾಡಲಿಲ್ಲ ತೀರ್ಥೇಶ, ಇದ್ದ ಹಾಗೆ ಮಾಡಿದೆ. ಜಲಜಮ್ಮ ಎದುರು ಕೂತು ನನ್ನ ಕೈಯಿಂದ ಕಣ್ಣು ತೆಗೆಯಲಿಲ್ಲ. ಮುಗಿಯಿತು ಅಂದಾಗ ಬಗ್ಗಿ ಬೆರಳು ಇಟ್ಟರು. ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಎಳೆದುಕೊಂಡು ಹೋದರು.

"ಇಷ್ಟೇಯಾ?" ಅಂದರು.

"ಇಷ್ಟೇ ಅಮ್ಮ."

"ಇಷ್ಟಕ್ಕೇಯಾ?"

ಆಮೇಲೆ ಅತ್ತರು. ನಾನು ಅಲ್ಲಿಯೇ ಇದ್ದೆ. ಎದ್ದು ಹೋಗು ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ. ಅತ್ತು ಮುಗಿಸಿ ನೆಲದ ಮೇಲಿನ ಬಿಳಿ ಪುಡಿಯನ್ನೆಲ್ಲ ಹಿಡಿಕಟ್ಟಿನಲ್ಲಿ ತಾವೇ ಗುಡಿಸಿದರು. ತುಂಡನ್ನು ಇಟ್ಟುಕೊಂಡರು.

ಹೊರಡುವಾಗ ನಿನ್ನ ಮಾತು ತೆಗೆದರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ತೀರ್ಥೇಶ ಮೂರು ಸಲ ಬಂದಿದ್ದ. ನಾ ಬಾಗ್ಲು ತೆಗೀಲಿಲ್ಲ. ಹೊರಗೆ ಮೆಟ್ಲ ಮೇಲೆ ಕೂತು ಕೂತು ಎದ್ದು ಹೋದ. ನನ್ ಮಗನ್ನ ಕೊಂದೋನು ಅಂತ ಒಳಗಿಂದ್ಲೇ ಕೂಗಿದ್ದೆ. ಅವ್ನಿಗೆ ಕೇಳಿರ್ತದೆ. ಬರಕ್ಕೆ ಹೇಳು." ಆಮೇಲೆ ನನ್ನನ್ನು ನೋಡಿ, "ನೀ ಮಾತ್ರ ಬರ್ಬೇಡ ತಮ್ಮಾ" ಅಂದರು. ಸಿಟ್ಟಿನಿಂದ ಹೇಳಲಿಲ್ಲ.

ನೀನು ಅಲ್ಲಿಗೆ ಹೋಗಿದ್ದನ್ನು ನನಗೆ ಬರೆದೇ ಇರಲಿಲ್ಲ. ಮೂರು ಸಲ. ಆ ಮೆಟ್ಟಿಲ ಮೇಲೆ ಕೂತು ಅದನ್ನು ಕೇಳಿಸಿಕೊಂಡು ಬಂದು, ನನಗೆ ಮಾವನ ತಮಾಷೆ ಬರೆದಿದ್ದೀಯ.

ಪೊಲೀಸರು ಎರಡು ಸಲ ಕರೆಸಿದ್ದರು. ಮುಂದಿನದು ಮುಂದೆ. ನೀನು ಅನುಮತಿ ಕೊಟ್ಟ ಒಂದು ಕಾಗದ ಇದು, ಇಲ್ಲಿಗೆ ಮುಗಿಯಿತು. ಜಲಜಮ್ಮ ನಾಲ್ಕೂವರೆಯ ಮೇಲೆ ಮನೆಯಲ್ಲಿರುತ್ತಾರೆ. ಬಾಗಿಲು ತೆಗೆದೇ ಇಟ್ಟಿರುತ್ತಾರಂತೆ.

ನನಗೆ ಉತ್ತರ ಬೇಡ. ಅಲ್ಲಿಗೆ ಹೋಗು.

ಸುಘೋಷ